ಥೆರಪಿಗೆ ಹೋಗುವ ಮುನ್ನ

ಪ್ರಶ್ನೆ: ಖಾಸಗಿ ಥೆರಪಿಸ್ಟ್ ಹತ್ತಿರ ಹೋಗಬೇಕೆಂದಿದ್ದೇನೆ. ನಾನು ಹೇಳಿಕೊಂಡದ್ದು ಮನೆಯವರ ಕಿವಿಗೆ ಬೀಳುತ್ತದೆಯೇ?

ಉತ್ತರ: ಬೀಳಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ನಿಮ್ಮ ಹಕ್ಕೆಂದೇ ಹೇಳುತ್ತದೆ. ನೀವು ವಯಸ್ಕರಾಗಿದ್ದರೆ, ಫೀಸು ಕಟ್ಟುವವರು ಅಪ್ಪನೇ ಆದರೂ ನಿಮ್ಮ ಮಾತು ಅವರಿಗೆ ಸೇರಿದ್ದಲ್ಲ. ಆದರೆ ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದಾಗ ಥೆರಪಿಸ್ಟ್ ಸುಮ್ಮನಿರುವಂತಿಲ್ಲ. ಯಾವುದನ್ನು, ಯಾರಿಗೆ ತಿಳಿಸುತ್ತಾರೆಂದು ಮೊದಲ ದಿನವೇ ಕೇಳಿ.

ಅವರ ಓದನ್ನೂ ಕೇಳಿ, ಸಂಕೋಚ ಬೇಡ. ಬಾಗಿಲ ಬೋರ್ಡಷ್ಟೇ ಸಾಲದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮಾತ್ರೆ ಬೇಕಾದರೆ ಮನೋವೈದ್ಯರನ್ನೇ ಕಾಣಬೇಕು.

ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲ ಸಲ ಪ್ರಶ್ನೆಗಳೇ ಹೆಚ್ಚು. ಎಲ್ಲವನ್ನೂ ಅಂದೇ ಹೇಳಿ ಮುಗಿಸಬೇಕಿಲ್ಲ. ಕೆಲವು ಭೇಟಿಗಳಾದರೂ ಅವರೆದುರು ಮನಸ್ಸು ಬಿಚ್ಚಲಾಗದಿದ್ದರೆ ಅದನ್ನೇ ಅವರಿಗೆ ಹೇಳಿ. ಬೇರೆಯವರನ್ನು ಹುಡುಕಿಕೊಳ್ಳುವುದು ದ್ರೋಹವಲ್ಲ. ತಪ್ಪಿಸಿದ ಭೇಟಿಗೂ ಫೀಸು ಇದೆಯೇ ಎಂದು ವಿಚಾರಿಸಿಕೊಳ್ಳಿ.

ಭೇಟಿಯ ದಿನದವರೆಗೆ ಕಾಯಲಾಗದಷ್ಟು ಸಂಕಟವಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.