ಕೀಬೋರ್ಡಿನ ‘5’ ಒತ್ತಿದರೆ ಕಾಯಿನ್ ಬೀಳುತ್ತೆ!

‘ಮುಸ್ತಫಾ’ ಗೇಮ್ ಗೊತ್ತಲ್ಲ? ಸೈಬರ್ ಕೆಫೆಯಲ್ಲೋ, ಅಣ್ಣನ ಕಂಪ್ಯೂಟರಿನಲ್ಲೋ, ಹಾಸ್ಟೆಲ್ಲಿನ ಪೆನ್‌ಡ್ರೈವ್ ಕೃಪೆಯಿಂದಲೋ ಒಮ್ಮೆಯಾದರೂ ಆಡಿರುತ್ತೀರಿ. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ಆಟ. ಅದರಲ್ಲಿ ಜ್ಯಾಕ್, ಹ್ಯಾನಾ, ಮೆಸ್ ಅಂತ ಇನ್ನೂ ಮೂವರಿದ್ದಾರೆ. ಆದರೆ ಓಡಿ ಬಂದು ಎಗರಿ ಒದೆಯುವ ಮುಸ್ತಫಾ ನಮ್ಮವರಿಗೆ ಎಷ್ಟು ಹಿಡಿಸಿದನೆಂದರೆ, ಇಡೀ ಆಟಕ್ಕೆ ಅವನ ಹೆಸರೇ ಅಂಟಿಕೊಂಡಿತು.

ಈ ಆಟ ಶುರುವಾಗಬೇಕಾದರೆ ಮೊದಲು ಕೀಬೋರ್ಡಿನಲ್ಲಿ 5 ಒತ್ತಬೇಕು, ಆಮೇಲೆ 1. ಐದು ಒತ್ತಿದರೆ ಕಾಯಿನ್ ಬಿದ್ದಂತೆ, ಒಂದು ಒತ್ತಿದರೆ ಆಟ ಆರಂಭ. ಮನೆಯ ಕಂಪ್ಯೂಟರಿಗೆ ಕಾಯಿನ್ ಯಾಕೆ ಬೇಕು? ಯಾಕೆಂದರೆ ತಾನು ಕಂಪ್ಯೂಟರಿನಲ್ಲಿದ್ದೇನೆ ಅನ್ನುವುದೇ ಆ ಆಟಕ್ಕೆ ಗೊತ್ತಿಲ್ಲ! ತಾನಿನ್ನೂ ಯಾವುದೋ ವಿಡಿಯೊ ಗೇಮ್ ಪಾರ್ಲರಿನಲ್ಲಿ, ನಾಣ್ಯ ನುಂಗುವ ದೊಡ್ಡ ಪೆಟ್ಟಿಗೆಯೊಳಗೆ ಕೂತಿದ್ದೇನೆ ಅಂದುಕೊಂಡಿದೆ. ಹಾಗೆ ನಂಬಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಒಂದು ಯಂತ್ರ ಇನ್ನೊಂದು ಯಂತ್ರದ ವೇಷ ಹಾಕುವ ಹಗಲುವೇಷ ಇದು.

ಈ ವೇಷಗಾರರಲ್ಲಿ ಹೆಸರಾಂತದ್ದು ‘ಮೇಮ್’. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ಇದರ ಮೊದಲ ಆವೃತ್ತಿ ಬಿಡುಗಡೆ ಮಾಡಿದರು. ಆಮೇಲೆ ಹಲವು ದೇಶಗಳ ಹವ್ಯಾಸಿಗಳು ಕೈಜೋಡಿಸಿದರು. ಹಳೆಯ ಯಂತ್ರದ ಸರ್ಕ್ಯೂಟ್ ಬೋರ್ಡ್ ಹುಡುಕಿ, ಅದರ ರೋಮ್ ಚಿಪ್‌ಗಳಲ್ಲಿರುವ ಪ್ರೋಗ್ರಾಮನ್ನು ಬೈಟ್ ಬೈಟಾಗಿ ನಕಲು ತೆಗೆಯಬೇಕು. ಬೋರ್ಡಿನಲ್ಲಿರುವ ಪ್ರೊಸೆಸರ್, ಸೌಂಡ್ ಚಿಪ್, ಬಟನ್ ಎಲ್ಲವೂ ಹೇಗೆ ವರ್ತಿಸುತ್ತವೆ ಎಂದು ತಿಳಿದು ಕೋಡ್ ಬರೆಯಬೇಕು. ಕೆಲವು ಚಿಪ್‌ಗಳು ಗುಟ್ಟು ಬಿಡುವುದಿಲ್ಲ. ಅಂಥವುಗಳ ಹೊರಕವಚವನ್ನು ಆ್ಯಸಿಡ್‌ನಿಂದ ಕರಗಿಸಿ, ಒಳಗಿನದನ್ನು ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದು ಓದಿದ್ದೂ ಉಂಟು.

‘ಆಟಕ್ಕೆ ಇಷ್ಟೆಲ್ಲ ಒದ್ದಾಟ ಯಾಕೆ, ನೋಡಲು ಅದರಂತೆಯೇ ಇರುವ ಇನ್ನೊಂದನ್ನು ಬರೆದರೆ ಆಗದೇ?’ ಎಂದು ಕೇಳಬಹುದು. ಆಗದು. 1978ರ ‘ಸ್ಪೇಸ್ ಇನ್ವೇಡರ್ಸ್’ ನೋಡಿ. ಅದರಲ್ಲಿ 55 ಶತ್ರುಗಳು. ಪರದೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ಮೂಡುತ್ತದೆ, ಪ್ರತಿ ಸಲವೂ ಒಬ್ಬ ಶತ್ರು ಮಾತ್ರ ಜರುಗುತ್ತಾನೆ. ಹಾಗಾಗಿ ಇಡೀ ದಂಡು ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ನೀವು ಹೊಡೆದಷ್ಟೂ ಸಾಲು ಚಿಕ್ಕದಾಗುತ್ತದೆ, ಉಳಿದವರು ವೇಗವಾಗುತ್ತಾರೆ. ಕೊನೆಯವನಂತೂ ಕೈಗೇ ಸಿಗುವುದಿಲ್ಲ. ಎದೆ ಡವಡವ ಎನ್ನಿಸುವ ಆ ಕ್ಷಣ ಹುಟ್ಟಿದ್ದು ಯಂತ್ರದ ಮಿತಿಯಿಂದ! 1980ರ ‘ಪ್ಯಾಕ್‌ಮ್ಯಾನ್’ 256ನೇ ಹಂತ ತಲುಪಿದಾಗ ಎಂಟು ಬಿಟ್‌ಗಳ ಲೆಕ್ಕ ಮೀರಿ, ಪರದೆಯ ಬಲ ಅರ್ಧ ಕಲಸುಮೇಲೋಗರವಾಗುತ್ತದೆ. ಒಳ್ಳೆಯ ಎಮ್ಯುಲೇಟರ್ ಆ ದೋಷವನ್ನೂ ಹಾಗೆಯೇ ಉಳಿಸಿಕೊಳ್ಳುತ್ತದೆ. ಯಂತ್ರ ಉಳಿದರೆ ಮಾತ್ರ ಆಟ ಉಳಿದಂತೆ.

ಆದರೆ ಯಂತ್ರಗಳು ಸಾಯುತ್ತಿವೆ. ನಕಲು ತಡೆಯಲೆಂದು ಕ್ಯಾಪ್‌ಕಾಮ್ ತನ್ನ ಸಿಪಿಎಸ್-2 ಬೋರ್ಡ್‌ಗಳಲ್ಲಿ ಪ್ರೋಗ್ರಾಮಿಗೆ ಗುಪ್ತಲಿಪಿಯ ಬೀಗ ಹಾಕಿ, ಬೀಗದ ಕೈಯನ್ನು ಬ್ಯಾಟರಿ ಆಧಾರದ ಮೆಮೊರಿಯಲ್ಲಿಟ್ಟಿತ್ತು. ಬ್ಯಾಟರಿ ಮುಗಿದರೆ ಕೀಲಿ ಮಾಯ, ಬೋರ್ಡ್ ಬರೀ ಹಲಗೆ. ಅಭಿಮಾನಿಗಳು ಇದಕ್ಕೆ ‘ಆತ್ಮಹತ್ಯಾ ಬ್ಯಾಟರಿ’ ಎಂದೇ ಹೆಸರಿಟ್ಟರು. ಆ ಗುಪ್ತಲಿಪಿಯನ್ನು 2007ರಲ್ಲಿ ಪೂರ್ತಿ ಬಿಡಿಸಿದವರಲ್ಲಿ ಇದೇ ಸಾಲ್ಮೋರಿಯಾ ಒಬ್ಬರು. ನಮ್ಮ ಮುಸ್ತಫಾನ ಬೋರ್ಡಿನಲ್ಲೂ ಧ್ವನಿಯ ಪ್ರೋಗ್ರಾಮಿಗೆ ಇಂಥದ್ದೇ ಬ್ಯಾಟರಿ ಕಾವಲು ಇತ್ತು.

ಇಲ್ಲೊಂದು ಕಗ್ಗಂಟು ಇದೆ. ಎಮ್ಯುಲೇಟರ್ ಬರೆಯುವುದು, ಬಳಸುವುದು ತಪ್ಪಲ್ಲ. ಆದರೆ ಆಟದ ಪ್ರೋಗ್ರಾಂ ಇನ್ನೊಬ್ಬರ ಸ್ವತ್ತು; ಅನುಮತಿಯಿಲ್ಲದೆ ಹಂಚಿದರೆ ಕೃತಿಸ್ವಾಮ್ಯದ ಉಲ್ಲಂಘನೆ. ‘ದುಡ್ಡು ಕೊಟ್ಟು ಕೊಳ್ಳಿ’ ಎನ್ನುವುದು ನ್ಯಾಯವೇ. ಆದರೆ ಮಾರುವವರು ಬೇಕಲ್ಲ? 2018ರಲ್ಲಿ ಕ್ಯಾಪ್‌ಕಾಮ್ ಇದೇ ಬಗೆಯ 7 ಹಳೆಯ ಹೊಡೆದಾಟದ ಆಟಗಳನ್ನು ಒಂದು ಕಂತೆಯಾಗಿ ಹೊರತಂದಿತು. ‘ಫೈನಲ್ ಫೈಟ್’ ಅದರಲ್ಲಿತ್ತು, ಮುಸ್ತಫಾ ಇರಲಿಲ್ಲ. ಅವನ ಆಟ ಮಾರ್ಕ್ ಶುಲ್ಟ್ಸ್ ಅವರ ಕಾಮಿಕ್ಸ್ ಆಧರಿಸಿದ್ದು. ಆ ಪಾತ್ರಗಳು ಕ್ಯಾಪ್‌ಕಾಮ್‌ನ ಸ್ವಂತದ್ದಲ್ಲ. ಕಾನೂನು ಹೇಳಿದಂತೆಯೇ ಎಲ್ಲರೂ ಕೈಕಟ್ಟಿ ಕೂತಿದ್ದರೆ, ನಮ್ಮಲ್ಲಿ ಇಷ್ಟೊಂದು ಜನ ಆಡಿದ ಈ ಆಟ ಒಂದೊಂದೇ ಬೋರ್ಡಿನೊಂದಿಗೆ ಕಣ್ಮರೆಯಾಗುತ್ತಿತ್ತು. ಹಾಗಂತ ಸಿಕ್ಕಿದ್ದನ್ನೆಲ್ಲ ಪುಕ್ಕಟೆ ಇಳಿಸಿಕೊಳ್ಳುವುದಕ್ಕೆ ‘ಸಂರಕ್ಷಣೆ’ ಎಂಬ ದೊಡ್ಡ ಹೆಸರು ಕೊಡುವುದೂ ಸರಿಯಲ್ಲ. ಮಾರಾಟದಲ್ಲಿರುವ ಹಳೆಯ ಆಟಗಳನ್ನು ಕೊಂಡೇ ಆಡೋಣ. ‘ರಾಬಿ ರೋಟೊ’ದಂಥ ಕೆಲವನ್ನು ಹಕ್ಕುದಾರರೇ ಉಚಿತವಾಗಿ ಬಿಟ್ಟುಕೊಟ್ಟಿದ್ದಾರೆ, ಮೇಮ್ ಕಲಿಯುವವರಿಗೆ ಅವು ಸಾಕು.

ಮೇಮ್ 2016ರಿಂದ ಮುಕ್ತ ತಂತ್ರಾಂಶ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಡಿಪ್ಲೊಮಾ, ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ 8085 ಕಿಟ್ ಮುಂದೆ ಕೂತು ಎರಡು ಸಂಖ್ಯೆ ಕೂಡಿಸಿ ಆಕಳಿಸಿದವರಿಗೆ ಒಂದು ಸುದ್ದಿ: ‘ಸ್ಪೇಸ್ ಇನ್ವೇಡರ್ಸ್’ ಓಡುವುದು ಅದರ ಅಣ್ಣ 8080ರ ಮೇಲೆ. ಆ ಪ್ರೊಸೆಸರಿಗೆ ಒಂದು ಪುಟ್ಟ ಎಮ್ಯುಲೇಟರ್ ಬರೆಯುವುದು ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ತಕ್ಕ ಕೆಲಸ. ಪಠ್ಯದಲ್ಲಿ ಒಣಗಿ ಕೂತಿರುವ ರಿಜಿಸ್ಟರ್, ಇಂಟರಪ್ಟ್‌ಗಳೆಲ್ಲ ಅಲ್ಲಿ ಜೀವ ತಳೆಯುತ್ತವೆ. ಮುಂದಿನ ಸಲ 5 ಒತ್ತುವಾಗ, ಆ ಇಲ್ಲದ ನಾಣ್ಯ ಬೀಳುವಂತೆ ಮಾಡಲು ಎಷ್ಟು ಜನ ಸಂಬಳವಿಲ್ಲದೆ ರಾತ್ರಿಗಳನ್ನು ಸವೆಸಿದ್ದಾರೆ ಅನ್ನುವುದು ನೆನಪಿರಲಿ.