ಅಧ್ಯಕ್ಷರ ಫೋನ್ ಎತ್ತೋದು ಯಾರು?

ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಪ್ರತಿಕ್ರಿಯೆ ಬೇಕು ಅಂತ ಫೋನ್ ಮಾಡಿದರೆ ಆ ಕಡೆಯಿಂದ ಗಂಡಸಿನ ದನಿ: ‘ಹೇಳ್ರಿ, ನಾ ಅವ್ರ ಮನಿಯವ್ರು.’ ಸುದ್ದಿಮನೆಯಲ್ಲಿ ಇದು ಮಾಮೂಲು. ಆದರೆ ಇದನ್ನೇ ಗಂಭೀರವಾಗಿ ಓದಿ, ಪಾಠ ಮಾಡುವ ಶಾಸ್ತ್ರ ಒಂದಿದೆ. ಸ್ತ್ರೀವಾದಿ ರಾಜಕೀಯ ಚಿಂತನೆ ಅಂತಾರೆ. ಅದರ ತಕರಾರು ಇಷ್ಟೇ: ರಾಜಕೀಯ ಬೇರೆ, ಮನೆ ಬೇರೆ ಅಂತ ಗೆರೆ ಎಳೆದವರು ಯಾರು? ಮನೆಯಲ್ಲಿ ಯಾರ ಹೊತ್ತು ಸವೆಯುತ್ತೋ ಅವರು ಸಭೆಯಲ್ಲಿ ಕಾಣಲ್ಲ.

ಈ ಮಾತಿಗೆ ಲೆಕ್ಕ ಕೊಟ್ಟವರಲ್ಲಿ ಒಬ್ಬರು 1933ರಲ್ಲಿ ಮೈಸೂರಲ್ಲೇ ಹುಟ್ಟಿದ ದೇವಕಿ ಜೈನ್. ದೆಹಲಿಯ ಮಿರಾಂಡಾ ಹೌಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. 1970ರ ದಶಕದಲ್ಲಿ ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡ್ತಾರೆ ಅಂತ ಅಧ್ಯಯನ ಮಾಡಿದರು. ಸರ್ಕಾರಿ ಲೆಕ್ಕದಲ್ಲಿ ‘ಕೆಲಸವಿಲ್ಲದವರು’ ಅನ್ನಿಸಿಕೊಂಡ ಹೆಂಗಸರು ಸೌದೆ, ನೀರು, ದನ ಅಂತ ದುಡೀತಾನೇ ಇದ್ದರು. ನಾನು ಎಂಜಿನಿಯರಿಂಗ್ ಓದಿದವನು, ಅಳತೆಗೆ ಸಿಗದ ವಿಚಾರ ಬೇಗ ತಲೆಗೆ ಹತ್ತಲ್ಲ. ಇದು ಹತ್ತಿತು. ಮುಂದೆ 1996ರಲ್ಲಿ ಅವರು ಪಂಚಾಯಿತಿಗೆ ಬಂದ ಮಹಿಳೆಯರು ಆಡಳಿತವನ್ನು ಹೇಗೆ ಬದಲಿಸ್ತಿದ್ದಾರೆ ಅಂತಲೂ ಬರೆದರು.

ಕರ್ನಾಟಕಕ್ಕೆ ಇದು ಹೊಸದಲ್ಲ. 1983ರ ಕಾಯ್ದೆಯಲ್ಲೇ ಇಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು, 1987ರಲ್ಲಿ ಚುನಾವಣೆಯೂ ಆಯಿತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಆಗಿನ್ನೂ ಧಾರವಾಡ ಜಿಲ್ಲೆ. 1993ರ ಸಂವಿಧಾನ ತಿದ್ದುಪಡಿ ಮೂರನೇ ಒಂದು ಭಾಗ ಕೊಟ್ಟಿತು, 2010ರಲ್ಲಿ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು.

ಈಗ ಅದೇ ಊರುಗಳ ವಿಧಾನಸಭೆ ಲೆಕ್ಕ ನೋಡಿ. ಸವಣೂರು ಪಟ್ಟಣ ಶಿಗ್ಗಾವಿ ಕ್ಷೇತ್ರದಲ್ಲೇ ಬರುತ್ತೆ, ಹಾಗಾಗಿ ಕ್ಷೇತ್ರ ಮೂರು. 2008ರಿಂದ 2024ರ ಉಪಚುನಾವಣೆವರೆಗೆ ಒಟ್ಟು 15 ಸಲ ಶಾಸಕರ ಆಯ್ಕೆ ಆಗಿದೆ. ಹದಿನೈದಕ್ಕೆ ಹದಿನೈದೂ ಗಂಡಸರೇ! ಕಾನೂನು ಕುರ್ಚಿ ಕಾಯ್ದಿಟ್ಟ ಕಡೆ ಹೆಂಗಸರು ಬಂದರು. ಪಕ್ಷಗಳು ಟಿಕೆಟ್ ಹಂಚುವ ಕಡೆ ಗೆದ್ದು ಬಂದವರು ಒಬ್ಬರೂ ಇಲ್ಲ.

ಗಂಡಸರೇ ಅವರ ಪರ ಮಾತಾಡಿದರೆ ಸಾಲದಾ ಅಂತ ಕೇಳಬಹುದು. ಬ್ರಿಟನ್ನಿನ ಪ್ರಾಧ್ಯಾಪಕಿ ಆನ್ ಫಿಲಿಪ್ಸ್ 1995ರ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಗೊತ್ತಿರುವ ಬೇಡಿಕೆಯನ್ನು ಯಾರಾದರೂ ಮಂಡಿಸಬಹುದು, ಆದರೆ ಇನ್ನೂ ಚರ್ಚೆಗೇ ಬಾರದ ವಿಷಯ ಎತ್ತೋಕೆ ಅನುಭವಿಸಿದವರೇ ಅಲ್ಲಿರಬೇಕು ಅಂತ. ಗೋವಿನಜೋಳದ ಹೊಲದ ಕೆಲಸ, ಅಡುಗೆ, ನೀರು ಮುಗಿಸಿ ಬರುವ ಸದಸ್ಯೆಗೆ ಬೆಳಗ್ಗೆ 11ರ ಸಭೆ ಕಷ್ಟ ಅನ್ನೋದು ಎಷ್ಟು ಗಂಡಸರಿಗೆ ಹೊಳೆಯುತ್ತೆ?

‘ಎಲ್ಲಾ ಗಂಡಂದಿರದೇ ದರ್ಬಾರು, ಮೀಸಲಾತಿ ಯಾಕೆ’ ಅನ್ನೋರಿಗೆ ನನ್ನದೊಂದು ಪ್ರಶ್ನೆ. ಅಪ್ಪನ ಹೆಸರಲ್ಲಿ ಗೆದ್ದ ಮಗನನ್ನು ಯಾರಾದರೂ ಡಮ್ಮಿ ಅಂತೀವಾ? ಗಂಡ ಸಭೆಗೆ ಬಂದು ಕೂತರೆ ಎಬ್ಬಿಸಬೇಕಾದ್ದು ಅವನನ್ನು, ಹೆಂಡತಿಯನ್ನಲ್ಲ.

ವಿಧಾನಸಭೆ, ಲೋಕಸಭೆಯಲ್ಲಿ ಮೂರನೇ ಒಂದು ಭಾಗ ಕೊಡುವ ತಿದ್ದುಪಡಿಗೆ 2023ರಲ್ಲೇ ಸಂಸತ್ತು ಒಪ್ಪಿದೆ. ಆದರೆ ಅದನ್ನು ಜನಗಣತಿ, ಕ್ಷೇತ್ರ ಮರುವಿಂಗಡಣೆಗೆ ಗಂಟು ಹಾಕಿದ್ದಾರೆ. ಅಲ್ಲಿತನಕ ಟಿಕೆಟ್ ಕೊಡಬೇಡಿ ಅಂತ ಪಕ್ಷಗಳ ಕೈ ಹಿಡಿದವರಂತೂ ಯಾರೂ ಇಲ್ಲ.