ಕೊಯ್ಲಿನ ಚಿತ್ರದಲ್ಲಿ ದುಡಿಮೆ ಎಲ್ಲಿ?

ಸ್ಪೇನಿನ ಚಿತ್ರಕಾರ ಗೋಯಾ 1786ರಲ್ಲಿ ಬರೆದ ‘ಬೇಸಿಗೆ’ ಚಿತ್ರ ಆರು ಮೀಟರಿಗೂ ಹೆಚ್ಚು ಅಗಲ. ಗೋಧಿಯ ಸಿವುಡುಗಳ ನಡುವೆ ಆಳುಗಳು ಕಾಲು ಚಾಚಿದ್ದಾರೆ, ಒಬ್ಬನಿಗೆ ವೈನ್ ಕುಡಿಸಿ ನಗುತ್ತಿದ್ದಾರೆ. ಬಾಗಿದ ಬೆನ್ನನ್ನು ಮಾತ್ರ ಹುಡುಕಬೇಕು. ದಣಿದವರು ಕೂರಬಾರದೇ ಎನ್ನಬಹುದು. ಕೂರಲಿ. ಆದರೆ ಇದು ಯುವರಾಜನ ಊಟದ ಕೋಣೆಗೆ ಗೋಡೆಪರದೆ ನೇಯಿಸಲು ಬರೆದ ಮಾದರಿ; ಉಣ್ಣುವವನ ಎದುರು ಬೆವರು ಬೇಡವಾಯಿತು ಎಂದೇ ನನ್ನ ಓದು.

ನಮ್ಮ ತುಳುನಾಡಿನ ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲಿನಲ್ಲಿ ಹೆಂಗಸರು ಸಾಲಾಗಿ ಬಾಗಿ, ಕತ್ತಿಯಿಂದ ಪೈರಿನ ಬುಡ ಕೊಯ್ದು, ಹೊರೆಯನ್ನು ತಲೆ ಮೇಲೆ ಅಂಗಳಕ್ಕೆ ತರುತ್ತಾರೆ. ಆಮೇಲೆ ಕಾಳು ಉದುರಿಸಲು ಪಡಿಮಂಚಕ್ಕೆ ಬಡಿಯುವ ಕೆಲಸ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಹಳ್ಳಿಯ ದುಡಿಯುವ ಮೈಯನ್ನು ಗೆರೆಯ ಓಟದಲ್ಲೇ ಹಿಡಿದರು. ಮಂಗಳೂರಿನ ಕಾವೂರಿನ ಆಸುಪಾಸು ಕೊಯ್ಲಿನ ಗದ್ದೆ ಕಂಡರೆ, ಹಸಿರಿಗಿಂತ ಮೊದಲು ಆ ಬೆನ್ನನ್ನು ನೋಡಿ.